ವಿದೇಶದಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆ: ಮುಂಗಡ ಕಟ್ಟುವ ಮುನ್ನ ಕ್ಲಿನಿಕ್ ಅನ್ನು ಪರಿಶೀಲಿಸುವ ಬಗೆ

ವಿದೇಶದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಕ್ಲಿನಿಕ್‌ಗಳ ಬಗ್ಗೆ ವಿಚಾರಿಸುವ ಕುಟುಂಬಗಳು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತವೆ: ಯಾವ ದೇಶ ಒಳ್ಳೆಯದು, ಎಷ್ಟು ಖರ್ಚಾಗುತ್ತದೆ. ಇವೆರಡಕ್ಕೂ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಇನ್ನೊಂದಿದೆ. ನಮ್ಮ ರೋಗಿಗೆ ಬಂದಿರುವ ಕಾಯಿಲೆಗೆ, ಆ ಕ್ಲಿನಿಕ್ ಕೊಡಲು ಹೊರಟಿರುವ ಬಗೆಯ ಕೋಶಗಳಿಂದ ಪ್ರಯೋಜನವಿದೆ ಎಂದು ಸಾಬೀತಾಗಿದೆಯೇ? ಇದಕ್ಕೆ ಉತ್ತರ 'ಇಲ್ಲ' ಎಂದಾದರೆ ಎಷ್ಟೇ ಶುಚಿಯಾದ, ಎಷ್ಟೇ ಕಡಿಮೆ ದರದ ಕ್ಲಿನಿಕ್ ಹುಡುಕಿದರೂ ಕೊಳ್ಳುವುದು ಒಂದು ಪ್ರಯೋಗವನ್ನೇ ಹೊರತು ಚಿಕಿತ್ಸೆಯನ್ನಲ್ಲ. ಹಾಗಾಗಿ ಈ ಬರಹದಲ್ಲಿ ಕ್ಲಿನಿಕ್‌ಗಳ ಪಟ್ಟಿ ಇಲ್ಲ. ಯಾವುದೇ ಕ್ಲಿನಿಕ್‌ನ ಮಾತನ್ನು ಮನೆಯಲ್ಲೇ ಕುಳಿತು ಒರೆಗೆ ಹಚ್ಚುವ ಕ್ರಮ ಇದೆ.

ಮೊದಲು ಕಾಯಿಲೆ, ಆಮೇಲೆ ಕ್ಲಿನಿಕ್

ಸ್ಟೆಮ್ ಸೆಲ್‌ಗಳಿಂದ ನಿಸ್ಸಂದೇಹವಾಗಿ ಪ್ರಯೋಜನ ಕಾಣುವ ಕಾಯಿಲೆಗಳು ಇವೆ. ಆದರೆ ಆ ಪಟ್ಟಿ ಚಿಕ್ಕದು. ರಕ್ತ ತಯಾರಿಸುವ ಕೋಶಗಳ ಕಸಿ, ಅಂದರೆ ನಾವು ಸಾಮಾನ್ಯವಾಗಿ ಅಸ್ಥಿಮಜ್ಜೆ ಕಸಿ ಎನ್ನುವ ಚಿಕಿತ್ಸೆ, ಅದರಲ್ಲಿ ಮೊದಲನೆಯದು. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ, ಥಲಸ್ಸೀಮಿಯಾ, ಕುಡುಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್), ಏಪ್ಲಾಸ್ಟಿಕ್ ಅನೀಮಿಯಾ, ಹುಟ್ಟಿನಿಂದಲೇ ಬರುವ ಕೆಲವು ರೋಗನಿರೋಧಕ ಶಕ್ತಿಯ ಕೊರತೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಈ ಕೆಲಸಕ್ಕಾಗಿಯೇ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಎರಡನೆಯದು, ಸುಣ್ಣ ಅಥವಾ ರಾಸಾಯನಿಕ ಬಿದ್ದು ಕಣ್ಣಿನ ಕಪ್ಪುಗುಡ್ಡೆಯ ಅಂಚು ಸುಟ್ಟಾಗ ಮಾಡುವ ಲಿಂಬಲ್ ಕೋಶಗಳ ಕಸಿ. ಇದರ ಒಂದು ಸಿದ್ಧ ಉತ್ಪನ್ನಕ್ಕೆ ಯುರೋಪ್ 2015ರಲ್ಲಿ ಅನುಮತಿ ನೀಡಿತು, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಈ ಕಸಿ ಬಹಳ ವರ್ಷಗಳಿಂದ ನಡೆಯುತ್ತಿದೆ. ಇವುಗಳ ಆಚೆಗೆ ಒಂದೊಂದು ದೇಶದಲ್ಲಿ ಒಂದೊಂದು ಉತ್ಪನ್ನಕ್ಕೆ ನಿರ್ದಿಷ್ಟ ಕಾಯಿಲೆಗೆಂದು ಅನುಮತಿ ಸಿಕ್ಕಿದೆ. ಅಸ್ಥಿಮಜ್ಜೆ ಕಸಿಯ ನಂತರ ಮಕ್ಕಳಲ್ಲಿ ಕಾಣಿಸಿಕೊಂಡು ಸ್ಟಿರಾಯ್ಡ್‌ಗೂ ಬಗ್ಗದ ಒಂದು ತೀವ್ರ ತೊಡಕಿಗೆ ಮೆಸೆಂಕೈಮಲ್ ಕೋಶಗಳ (ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ ಮುಂತಾದವುಗಳಿಂದ ತೆಗೆಯುವ ಒಂದು ಜಾತಿಯ ಸ್ಟೆಮ್ ಸೆಲ್) ಔಷಧವೊಂದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿದ್ದು 2024ರ ಡಿಸೆಂಬರ್‌ನಲ್ಲಿ. ಈ ಜಾತಿಯ ಕೋಶಗಳಿಗೆ ಅಲ್ಲಿ ಸಿಕ್ಕ ಮೊದಲ ಅನುಮತಿ ಅದು. ಇಷ್ಟು ತಡವಾಗಿ, ಇಷ್ಟು ಕಿರಿದಾದ ಉದ್ದೇಶಕ್ಕೆ ಅನುಮತಿ ಪಡೆದ ಅದೇ ಜಾತಿಯ ಕೋಶಗಳನ್ನು ಆಟಿಸಂ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್, ಮಧುಮೇಹ, ಮೂತ್ರಪಿಂಡ ವೈಫಲ್ಯ, ಮುಪ್ಪು ಎಲ್ಲಕ್ಕೂ ಒಂದೇ ದರಪಟ್ಟಿಯಲ್ಲಿ ಮಾರುವ ಕ್ಲಿನಿಕ್‌ಗಳಿವೆ. ಹತ್ತಾರು ಸಂಬಂಧವಿಲ್ಲದ ಕಾಯಿಲೆಗಳಿಗೆ ಒಂದೇ ಚುಚ್ಚುಮದ್ದು ಎಂಬುದನ್ನು ಕಂಡ ಕೂಡಲೇ ಆ ಕ್ಲಿನಿಕ್ ಅನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಮುಂದಿನ ಯಾವ ಪರೀಕ್ಷೆಯೂ ಬೇಕಾಗಿಲ್ಲ.

ಸಾಬೀತಾದ ಪಟ್ಟಿಯಲ್ಲಿ ನಿಮ್ಮ ಕಾಯಿಲೆ ಇದ್ದರೆ ವಿದೇಶಕ್ಕೆ ಹೋಗುವ ಅಗತ್ಯವೇ ಬಹುಶಃ ಇಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲಿ ಅಸ್ಥಿಮಜ್ಜೆ ಕಸಿ ಆರಂಭವಾಯಿತು. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಿಗೆ ಬಾಂಗ್ಲಾದೇಶ, ಇರಾಕ್ ಮತ್ತು ಆಫ್ರಿಕಾದ ದೇಶಗಳಿಂದ ರೋಗಿಗಳು ಇದೇ ಕಸಿಗಾಗಿ ಬರುತ್ತಾರೆ. ದಾನಿ ಯಾರು, ಎಚ್‌ಎಲ್‌ಎ (ದಾನಿ ಮತ್ತು ರೋಗಿಯ ಅಂಗಾಂಶದ ಗುರುತು) ಎಷ್ಟು ಹೊಂದಿಕೆಯಾಗುತ್ತದೆ ಎಂಬುದರ ಮೇಲೆ ಇಲ್ಲಿ ಖರ್ಚು ಸುಮಾರು 10 ಲಕ್ಷದಿಂದ 40 ಲಕ್ಷ ರೂಪಾಯಿಯವರೆಗೆ ಹೋಗುತ್ತದೆ. ಅಮೆರಿಕದಲ್ಲಿ ಅದೇ ಲೆಕ್ಕ ಕೋಟಿಗಳಲ್ಲಿರುತ್ತದೆ. ಥಲಸ್ಸೀಮಿಯಾ ಇರುವ ಅರ್ಹ ಮಕ್ಕಳಿಗೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆಯಿಂದ 10 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. ಮನೆಯಲ್ಲಿ ಹೊಂದುವ ದಾನಿ ಇಲ್ಲದಿದ್ದರೆ ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈಯ ದಾತ್ರಿ ಮೊದಲಾದ ನೋಂದಣಿ ಸಂಸ್ಥೆಗಳ ಮೂಲಕ ದೇಶ ವಿದೇಶದ ದಾನಿಗಳನ್ನು ಹುಡುಕಬಹುದು. ಅಂದರೆ ಕೋಶಗಳು ವಿಮಾನದಲ್ಲಿ ಇಲ್ಲಿಗೆ ಬರುತ್ತವೆ, ರೋಗಿ ಅಲ್ಲಿಗೆ ಹೋಗಬೇಕಾಗಿಲ್ಲ. ಮಂಡಿ ಸವೆತಕ್ಕೂ ಬರ್ಗರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ನಿಂತ ಸ್ಥಿತಿಗೂ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ತಯಾರಿಸಿದ ಕೋಶ ಉತ್ಪನ್ನಕ್ಕೆ ಭಾರತದ ಔಷಧ ಮಹಾನಿಯಂತ್ರಕರ ಅನುಮತಿ ಇದೆ. ಅದರ ಪ್ರಯೋಜನ ನಿಮ್ಮ ಮಂಡಿಗೆ ಎಷ್ಟು ಎಂಬುದನ್ನು ಮೂಳೆ ತಜ್ಞರೊಡನೆ ಚರ್ಚಿಸುವುದು ಬೇರೆ ಮಾತು. ಮಂಡಿಯ ಚುಚ್ಚುಮದ್ದಿಗಾಗಿ ಮೆಕ್ಸಿಕೋದ ಟಿಹುವಾನಾಕ್ಕೋ ಬ್ಯಾಂಕಾಕಿಗೋ ಹೋಗಲು ನನಗಂತೂ ಕಾರಣ ಕಾಣುವುದಿಲ್ಲ.

ಸಾಬೀತಾದ ಪಟ್ಟಿಯ ಹೊರಗಿನ ಕಾಯಿಲೆಗಳ ವಿಷಯದಲ್ಲಿ ಭಾರತದ ನಿಲುವು ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಒಪ್ಪಿತ ಕಾಯಿಲೆಗಳಿಗೆ ಮಾಡುವ ರಕ್ತಕೋಶಗಳ ಕಸಿಯನ್ನು ಬಿಟ್ಟು ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿ 2022ರ ಡಿಸೆಂಬರ್‌ನಲ್ಲಿ ಹೇಳಿತು. 'ಇಲ್ಲಿ ಕಾನೂನು ಬಿಗಿ, ಆದ್ದರಿಂದ ಅಲ್ಲಿಗೆ ಬನ್ನಿ' ಎಂದು ಮಧ್ಯವರ್ತಿಗಳು ಹೇಳುವುದು ಇದನ್ನೇ ತಿರುಗಿಸಿ. ಇಲ್ಲಿ ನಿರ್ಬಂಧ ಹಾಕಿರುವುದು ಪುರಾವೆ ಸಾಲದು ಎಂಬ ಕಾರಣಕ್ಕೆ. ಗಡಿ ದಾಟಿದ ಮಾತ್ರಕ್ಕೆ ಪುರಾವೆ ಹುಟ್ಟುವುದಿಲ್ಲ.

ನಡುವೆ ನಿಲ್ಲುವ ಕಾಯಿಲೆಗಳೂ ಇವೆ ಎಂಬುದನ್ನು ಒಪ್ಪಬೇಕು. ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅದಕ್ಕೆ ಒಳ್ಳೆಯ ಉದಾಹರಣೆ. ಔಷಧಗಳಿಗೆ ಜಗ್ಗದೆ ಮತ್ತೆ ಮತ್ತೆ ಮರುಕಳಿಸುವ ಬಗೆಯ ರೋಗಿಗಳಲ್ಲಿ, ಕೀಮೋಥೆರಪಿ ಕೊಟ್ಟು ರೋಗಿಯ ಸ್ವಂತ ರಕ್ತಕೋಶಗಳನ್ನೇ ಮರಳಿ ಕೊಡುವ ಕಸಿ ಉತ್ತಮ ಫಲ ನೀಡಿದ್ದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂತು. ಇದಕ್ಕಾಗಿ ಅನೇಕರು ಮೆಕ್ಸಿಕೋದ ಪ್ವೆಬ್ಲಾಕ್ಕೂ ಮಾಸ್ಕೋಗೂ ಹೋಗಿದ್ದಾರೆ. ಆದರೆ ಇದು ಪೂರ್ಣ ಪ್ರಮಾಣದ ಕಸಿ. ಸೋಂಕು, ಬಂಜೆತನ, ಅಪರೂಪಕ್ಕೆ ಸಾವು, ಇವೆಲ್ಲ ಇದರ ಅಪಾಯಗಳು. ಅದೇ ಕಾಯಿಲೆಗೆ ಕೊಬ್ಬಿನಿಂದ ತೆಗೆದ ಕೋಶಗಳ ಸಲೈನ್ ಏರಿಸುವ ಕ್ಲಿನಿಕ್ ಕೂಡ 'ಸ್ಟೆಮ್ ಸೆಲ್‌ನಿಂದ ಎಂಎಸ್ ಗುಣ' ಎಂದು ಈ ಪ್ರಯೋಗದ ಫಲಿತಾಂಶವನ್ನೇ ತೋರಿಸಬಹುದು. ಎರಡೂ ಸಂಪೂರ್ಣ ಬೇರೆ. ಆದ್ದರಿಂದ ಕಾಯಿಲೆಯ ಹೆಸರು, ಅದರ ಬಗೆ, ಕೋಶದ ಮೂಲ, ಕೊಡುವ ವಿಧಾನ ಈ ನಾಲ್ಕೂ ಹೊಂದುವ ಅಧ್ಯಯನ ಇದೆಯೇ ಎಂದು ನೋಡಿ; ಒಂದು ತಪ್ಪಿದರೂ ಆ ಅಧ್ಯಯನ ನಿಮ್ಮದಲ್ಲ.

ದೇಶದ ಹೆಸರನ್ನು ನಂಬಿ ಹೋಗಬೇಡಿ

ಜಪಾನ್, ಜರ್ಮನಿ, ಅಮೆರಿಕ ಎಂದರೆ ನಮ್ಮಲ್ಲಿ ಒಂದು ಭರವಸೆ ತಾನಾಗಿಯೇ ಮೂಡುತ್ತದೆ. ಈ ಕ್ಷೇತ್ರದಲ್ಲಿ ಆ ಭರವಸೆಗೆ ಆಧಾರವಿಲ್ಲ. ಡಸೆಲ್‌ಡಾರ್ಫ್‌ನ ಖಾಸಗಿ ಕ್ಲಿನಿಕ್ ಒಂದರಲ್ಲಿ ಮಿದುಳಿಗೆ ಕೋಶಗಳನ್ನು ಚುಚ್ಚಿದ ನಂತರ 2010ರಲ್ಲಿ ಪುಟ್ಟ ಮಗುವೊಂದು ಸತ್ತಿತು; ಮರುವರ್ಷ ಆ ಕ್ಲಿನಿಕ್ ಮುಚ್ಚಿತು. ಅದುವರೆಗೆ ಅದು ಜಗತ್ತಿನ ನಾನಾ ಕಡೆಯ ರೋಗಿಗಳಿಗೆ ಜರ್ಮನ್ ಶಿಸ್ತಿನ ಹೆಸರಿನಲ್ಲೇ ಚಿಕಿತ್ಸೆ ಮಾರುತ್ತಿತ್ತು. ಅಮೆರಿಕದ ಫ್ಲಾರಿಡಾದಲ್ಲಿ ಅಕ್ಷಿಪಟಲದ ಸವೆತವಿದ್ದ ಮೂವರು ವೃದ್ಧೆಯರಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಲಾಯಿತು. ಮೂವರೂ ಬಹುಪಾಲು ಅಥವಾ ಪೂರ್ತಿ ದೃಷ್ಟಿ ಕಳೆದುಕೊಂಡ ವರದಿ 2017ರಲ್ಲಿ ಪ್ರಕಟವಾಯಿತು. ಆ ಕ್ಲಿನಿಕ್ ಅಮೆರಿಕ ಸರ್ಕಾರದ ಪ್ರಯೋಗ ನೋಂದಣಿ ಜಾಲತಾಣದಲ್ಲಿ ತನ್ನ ಹೆಸರು ದಾಖಲಿಸಿತ್ತು, ಮತ್ತು ರೋಗಿಗಳಿಂದ ತಲಾ 5,000 ಡಾಲರ್ ಪಡೆದಿತ್ತು.

ಜಪಾನಿನ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈಗ ಹೆಚ್ಚು ಜಾಹೀರಾತು ಬರುತ್ತಿರುವುದು ಅಲ್ಲಿಂದ. 2014ರ ನವೆಂಬರ್‌ನಲ್ಲಿ ಜಾರಿಗೆ ಬಂದ ಪುನರುತ್ಪಾದಕ ವೈದ್ಯಕೀಯ ಸುರಕ್ಷತಾ ಕಾಯ್ದೆಯ ಪ್ರಕಾರ ಅಲ್ಲಿ ಕೋಶ ಚಿಕಿತ್ಸೆಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಮೂರು ವರ್ಗವಾಗಿ ವಿಂಗಡಿಸುತ್ತಾರೆ. ಕ್ಲಿನಿಕ್ ತನ್ನ ಯೋಜನೆಯನ್ನು ಒಂದು ಸಮಿತಿಯ ಮುಂದಿಟ್ಟು ಆರೋಗ್ಯ ಸಚಿವಾಲಯಕ್ಕೆ ಸಲ್ಲಿಸಿ ಸಂಖ್ಯೆ ಪಡೆಯುತ್ತದೆ. ಆ ಸಂಖ್ಯೆಯನ್ನೇ 'ಜಪಾನ್ ಸರ್ಕಾರದ ಮಾನ್ಯತೆ' ಎಂದು ಜಾಹೀರಾತಿನಲ್ಲಿ ತೋರಿಸುತ್ತಾರೆ. ಅದರ ನಿಜವಾದ ಅರ್ಥ, ಚಿಕಿತ್ಸೆ ಕೊಡಲು ಅಡ್ಡಿಯಿಲ್ಲ ಎಂದಷ್ಟೇ. ಚಿಕಿತ್ಸೆ ಫಲಕಾರಿ ಎಂದು ಸಚಿವಾಲಯ ಪರೀಕ್ಷಿಸಿ ಒಪ್ಪಿದೆ ಎಂದಲ್ಲ. ಔಷಧವಾಗಿ ಅನುಮತಿ ಪಡೆಯುವ ದಾರಿ ಬೇರೆಯೇ ಇದೆ. ಮೆಕ್ಸಿಕೋದಲ್ಲಿಯೂ ಅಲ್ಲಿನ ಆರೋಗ್ಯ ನಿಯಂತ್ರಣ ಸಂಸ್ಥೆ ಕೊಫೆಪ್ರಿಸ್ ಕೊಡುವ ಪರವಾನಗಿಯನ್ನು ಓದುವಾಗ ಇದೇ ಎಚ್ಚರ ಬೇಕು: ಅದು ಕಟ್ಟಡಕ್ಕೂ ಸಂಸ್ಥೆಗೂ ಕೊಟ್ಟದ್ದೋ, ನಿಮಗೆ ಚುಚ್ಚುವ ಉತ್ಪನ್ನಕ್ಕೆ, ನಿಮ್ಮ ಕಾಯಿಲೆಗೆಂದೇ ಕೊಟ್ಟದ್ದೋ? ಜೆಸಿಐ (JCI) ಎಂಬ ಅಂತರರಾಷ್ಟ್ರೀಯ ಮಾನ್ಯತೆಯೂ ಆಸ್ಪತ್ರೆಯ ಒಟ್ಟಾರೆ ವ್ಯವಸ್ಥೆಗೆ ಸಂಬಂಧಿಸಿದ್ದು. ರಕ್ತಕೋಶಗಳ ಕಸಿ ಕೇಂದ್ರಗಳಿಗಾದರೆ ಫ್ಯಾಕ್ಟ್ (FACT) ಅಥವಾ ಯುರೋಪಿನ ಜೇಸಿ (JACIE) ಎಂಬ ಮಾನ್ಯತೆ ಇರುತ್ತದೆ. ಇವುಗಳ ಜಾಲತಾಣದಲ್ಲಿ ಮಾನ್ಯ ಕೇಂದ್ರಗಳ ಹೆಸರನ್ನು ನೀವೇ ಹುಡುಕಿ ನೋಡಿ, ಕ್ಲಿನಿಕ್‌ನ ಗೋಡೆಯ ಮೇಲಿನ ಚೌಕಟ್ಟನ್ನು ನಂಬಬೇಡಿ.

ಕೇಳಿ ಪಡೆಯಬೇಕಾದ ಕಾಗದಗಳು

ಕ್ಲಿನಿಕ್ ಜೊತೆಗಿನ ವ್ಯವಹಾರವನ್ನೆಲ್ಲ ಇಮೇಲ್‌ನಲ್ಲಿ ನಡೆಸಿ. ವಾಟ್ಸ್ಆ್ಯಪ್ ಧ್ವನಿ ಸಂದೇಶದಲ್ಲಿ 'ಚಿಂತೆ ಬೇಡ' ಎಂದು ಹೇಳಿದವರಿಗೆ ನಾಳೆ ಉತ್ತರ ಕೊಡುವ ಹೊಣೆ ಇರುವುದಿಲ್ಲ. ಮೊದಲ ಪತ್ರದಲ್ಲೇ, ಕೋಶಗಳ ಮೂಲ ಯಾವುದು (ರೋಗಿಯ ಸ್ವಂತ ಮಜ್ಜೆಯೇ, ಕೊಬ್ಬೇ, ಬೇರೆಯವರ ಹೊಕ್ಕುಳಬಳ್ಳಿಯೇ), ಯಾವ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ, ಆ ಪ್ರಯೋಗಾಲಯಕ್ಕೆ ಉತ್ಪಾದನಾ ಗುಣಮಟ್ಟದ ಪರವಾನಗಿ ಕೊಟ್ಟವರು ಯಾರು, ಎಷ್ಟು ಕೋಶಗಳನ್ನು ಯಾವ ದಾರಿಯಲ್ಲಿ ಕೊಡುತ್ತಾರೆ ಎಂದು ಬರೆದು ಕೇಳಿ. ಭ್ರೂಣದಿಂದ ತೆಗೆದ ಅಥವಾ ಕುರಿ ಮುಂತಾದ ಪ್ರಾಣಿಗಳಿಂದ ತೆಗೆದ ಕೋಶ ಎಂಬ ಉತ್ತರ ಬಂದರೆ ಅಲ್ಲಿಗೇ ಮುಗಿಸಿ. ಭ್ರೂಣಮೂಲದ ನರಕೋಶಗಳನ್ನು ಮಾಸ್ಕೋದಲ್ಲಿ ಮಿದುಳಿಗೆ ಪಡೆದ ಇಸ್ರೇಲಿನ ಬಾಲಕನೊಬ್ಬನಲ್ಲಿ ವರ್ಷಗಳ ನಂತರ ಗಡ್ಡೆಗಳು ಬೆಳೆದವು. ಅವು ದಾನಿಯ ಕೋಶಗಳಿಂದಲೇ ಹುಟ್ಟಿದವು ಎಂಬುದು ಪರೀಕ್ಷೆಯಲ್ಲಿ ಖಚಿತವಾಗಿ 2009ರಲ್ಲಿ ಪ್ರಕಟವಾಯಿತು. ಚೀನಾ, ಅರ್ಜೆಂಟೀನಾ, ಮೆಕ್ಸಿಕೋ ಮೂರೂ ಕಡೆ ಚಿಕಿತ್ಸೆ ಪಡೆದ ಅಮೆರಿಕದ ಪಾರ್ಶ್ವವಾಯು ರೋಗಿಯೊಬ್ಬರ ಬೆನ್ನುಹುರಿಯಲ್ಲಿ ಬೇರೆಯವರ ಕೋಶಗಳ ಗಡ್ಡೆ ಬೆಳೆದ ವರದಿ 2016ರದು. ಇಂಥವು ಚುಚ್ಚಿದ ವಾರದಲ್ಲಿ ಕಾಣಿಸುವ ತೊಂದರೆಗಳಲ್ಲ. 'ನಮ್ಮಲ್ಲಿ ಸಾವಿರಾರು ರೋಗಿಗಳಿಗೆ ಯಾವ ಅಡ್ಡಪರಿಣಾಮವೂ ಆಗಿಲ್ಲ' ಎನ್ನುವ ಕ್ಲಿನಿಕ್‌ಗೆ, ಎಷ್ಟು ಮಂದಿಯನ್ನು ಐದು ವರ್ಷ ಹಿಂಬಾಲಿಸಿ ನೋಡಿದ್ದೀರಿ ಎಂದು ಕೇಳುವುದು ಇದೇ ಕಾರಣಕ್ಕೆ.

ಎರಡನೆಯದು, ಕೋಶಗಳ ಬ್ಯಾಚ್‌ನ ಪರೀಕ್ಷಾ ಪ್ರಮಾಣಪತ್ರ. ಅದರಲ್ಲಿ ಬ್ಯಾಚ್ ಸಂಖ್ಯೆ, ಜೀವಂತ ಕೋಶಗಳ ಪ್ರಮಾಣ, ಕೋಶಗಳ ಗುರುತು, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಇಲ್ಲವೆಂಬ ಪರೀಕ್ಷೆ, ಮೈಕೋಪ್ಲಾಸ್ಮಾ, ಎಂಡೋಟಾಕ್ಸಿನ್ ಪರೀಕ್ಷೆ, ದಾನಿಯ ಎಚ್‌ಐವಿ ಮತ್ತು ಹೆಪಟೈಟಿಸ್ ವರದಿ ಇರಬೇಕು. ಸೋಂಕಿಲ್ಲ ಎಂಬ ಸಾಂಪ್ರದಾಯಿಕ ಕಲ್ಚರ್ ಪರೀಕ್ಷೆಯ ಅಂತಿಮ ಫಲಿತಾಂಶಕ್ಕೆ 14 ದಿನ ಬೇಕು. ಬೆಳೆಸಿದ ಕೋಶಗಳನ್ನು ಶೈತ್ಯದಲ್ಲಿಡದೆ ತಾಜಾ ಕೊಡುತ್ತೇವೆ ಎಂದರೆ, ಯಾವ ಪರೀಕ್ಷೆಯ ಆಧಾರದ ಮೇಲೆ ಬಿಡುಗಡೆ ಮಾಡುತ್ತೀರಿ ಎಂದು ಕೇಳಿ. ಇದು ಅತಿ ಎಚ್ಚರವಲ್ಲ. ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಉತ್ಪನ್ನವೊಂದನ್ನು ಪಡೆದ 12 ಮಂದಿಗೆ ಗಂಭೀರ ಸೋಂಕಾದ ಪ್ರಕರಣ 2018ರಲ್ಲಿ ಅಮೆರಿಕದಲ್ಲಿ ನಡೆಯಿತು; ತೆರೆಯದ ಸೀಸೆಗಳಲ್ಲೇ ಬ್ಯಾಕ್ಟೀರಿಯಾ ಇತ್ತು. ಮೆಕ್ಸಿಕೋದಲ್ಲಿ ಚಿಕಿತ್ಸೆ ಪಡೆದು ಮರಳಿದ ಮೂವರಲ್ಲಿ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ, ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಸೋಂಕು ಕಂಡುಬಂದುದನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2024ರಲ್ಲಿ ವರದಿ ಮಾಡಿತು. ಎಕ್ಸೊಸೋಮ್ ಎಂಬ ಹೆಸರಿನಲ್ಲಿ ಕೋಶವೇ ಇಲ್ಲದ ದ್ರವವನ್ನು ಮಾರುವುದೂ ಈಗ ಹೆಚ್ಚಾಗಿದೆ. ಎಫ್‌ಡಿಎ ಅನುಮತಿಯಿರುವ ಎಕ್ಸೊಸೋಮ್ ಔಷಧ ಒಂದೂ ಇಲ್ಲ.

ಮೂರನೆಯದು ಪ್ರಯೋಗದ ನೋಂದಣಿ. 'ನಾವು ಪ್ರಯೋಗ ನಡೆಸುತ್ತಿದ್ದೇವೆ' ಎಂದರೆ ನೋಂದಣಿ ಸಂಖ್ಯೆ ಕೇಳಿ, ಅದನ್ನು ಜಾಲತಾಣದಲ್ಲಿ ತೆರೆದು ಓದಿ. ಫ್ಲಾರಿಡಾದ ಪ್ರಕರಣ ತೋರಿಸುವಂತೆ ನೋಂದಣಿ ಎಂದರೆ ಅನುಮತಿಯಲ್ಲ. ಅಲ್ಲಿ ನೋಡಬೇಕಾದುದು ಹೋಲಿಕೆಗೆ ಇನ್ನೊಂದು ಗುಂಪು ಇದೆಯೇ, ನೈತಿಕ ಸಮಿತಿಯ ಹೆಸರಿದೆಯೇ, ಮುಗಿದು ವರ್ಷಗಳಾದ ಹಿಂದಿನ ಪ್ರಯೋಗಗಳ ಫಲಿತಾಂಶ ಪ್ರಕಟವಾಗಿದೆಯೇ ಎಂಬುದನ್ನು. ನಿಜವಾದ ಪ್ರಯೋಗದಲ್ಲಿ ಸಾಮಾನ್ಯವಾಗಿ ಪ್ರಯೋಗದ ಔಷಧಕ್ಕೆ ರೋಗಿಯಿಂದ ಹಣ ಪಡೆಯುವುದಿಲ್ಲ. ಹತ್ತಾರು ಲಕ್ಷ ರೂಪಾಯಿ ಕೊಟ್ಟು ಸೇರಬೇಕಾದ ಪ್ರಯೋಗ ಎಂದರೆ ವ್ಯಾಪಾರಕ್ಕೆ ತೊಡಿಸಿದ ಬಿಳಿ ಕೋಟು. ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ಇಲ್ಲಿನ ಪ್ರಯೋಗ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐ (CTRI) ಜಾಲತಾಣದಲ್ಲಿ ಕಾಯಿಲೆಯ ಹೆಸರು ಹಾಕಿ ಹುಡುಕಬಹುದು. ಕೆಲವೊಮ್ಮೆ ವಿದೇಶದಲ್ಲಿ ದುಡ್ಡಿಗೆ ಸಿಗುವುದು ಇಲ್ಲಿ ಉಚಿತವಾಗಿ, ಪರಿಹಾರದ ಹಕ್ಕಿನೊಂದಿಗೆ ಸಿಗುತ್ತದೆ. ಇನ್ನೊಂದು ಮಾತು: ದೃಢಪಡದ ಕೋಶ ಚಿಕಿತ್ಸೆಯನ್ನು ಒಮ್ಮೆ ಪಡೆದವರನ್ನು ಮುಂದೆ ಬರುವ ಉತ್ತಮ ಪ್ರಯೋಗಗಳು ಸೇರಿಸಿಕೊಳ್ಳದೇ ಹೋಗಬಹುದು. ಈ ನಷ್ಟವನ್ನು ಯಾವ ಕ್ಲಿನಿಕ್ಕೂ ತಾನಾಗಿ ಹೇಳುವುದಿಲ್ಲ.

ಚಿಕಿತ್ಸೆ ಕೊಡುವ ವೈದ್ಯರ ಪರಿಣತಿಯನ್ನೂ ನೋಡಿ. ಮಿದುಳಿನ ಕಾಯಿಲೆಗೆ ನರತಜ್ಞರು, ಕಣ್ಣಿಗೆ ಅಕ್ಷಿಪಟಲ ತಜ್ಞರು ಇರಬೇಕು. ಸೌಂದರ್ಯ ಶಸ್ತ್ರಚಿಕಿತ್ಸಕರೊಬ್ಬರೇ ಎಲ್ಲಕ್ಕೂ ಸಹಿ ಹಾಕುವ ಕಡೆ ಹೋಗಬೇಡಿ. ಗುಣವಾದೆವೆಂದು ಹೇಳುವ ರೋಗಿಗಳ ವಿಡಿಯೋಗಳಿಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಎಳೆಯ ಮಕ್ಕಳು ಬೆಳೆಯುತ್ತಾ ಸುಧಾರಿಸುತ್ತಾರೆ, ಅದೇ ತಿಂಗಳು ದಿನಕ್ಕೆ ಮೂರು ಗಂಟೆ ಫಿಸಿಯೋಥೆರಪಿಯೂ ನಡೆದಿರುತ್ತದೆ, ಯಾವುದರಿಂದ ಏನಾಯಿತು ಎಂಬುದನ್ನು ಒಬ್ಬ ರೋಗಿಯಿಂದ ತಿಳಿಯಲಾಗದು.

ಖರ್ಚಿನ ಲೆಕ್ಕ

ಪ್ಯಾಕೇಜ್ ಎಂದು ಹೇಳುವ ಒಂದೇ ಮೊತ್ತವನ್ನು ಒಪ್ಪದೆ, ಕೋಶ ತಯಾರಿ, ಚುಚ್ಚುವ ವಿಧಾನ, ಅರಿವಳಿಕೆ, ಆಸ್ಪತ್ರೆ ವಾಸ, ಸ್ಕ್ಯಾನ್, ತೊಡಕಾದರೆ ತೀವ್ರ ನಿಗಾ ಘಟಕದ ದಿನದ ಬಾಡಿಗೆ ಎಲ್ಲವನ್ನೂ ಬಿಡಿಸಿ ಬರೆದ ಅಂದಾಜು ಪಡೆಯಿರಿ. 'ಮೂರು ಸುತ್ತು ಬೇಕಾಗಬಹುದು' ಎಂಬ ಮಾತು ಮೊದಲ ಸುತ್ತಿನ ನಂತರವೇ ಹೊರಬರುವುದು ಈ ವ್ಯಾಪಾರದ ಹಳೆಯ ಕ್ರಮ; ಆದ್ದರಿಂದ ಎಷ್ಟು ಸುತ್ತು, ಯಾವ ಅಳತೆಯಲ್ಲಿ ಸುಧಾರಣೆ ಕಾಣದಿದ್ದರೆ ನಿಲ್ಲಿಸುತ್ತೀರಿ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ವಾರದೊಳಗೆ ಕಟ್ಟಿದರೆ ರಿಯಾಯಿತಿ ಎನ್ನುವವರಿಂದ ದೂರವಿರಿ. ಮುಂಗಡ ಹಿಂದಿರುಗಿಸುವ ನಿಯಮ, ವ್ಯಾಜ್ಯ ಯಾವ ದೇಶದ ನ್ಯಾಯಾಲಯದಲ್ಲಿ ಎಂಬ ಷರತ್ತು, ತೊಂದರೆಯಾದರೆ ಕ್ಲಿನಿಕ್ ಹೊಣೆಯಲ್ಲ ಎಂಬ ಸಾಲು ಸಮ್ಮತಿ ಪತ್ರದ ಕೊನೆಯ ಪುಟಗಳಲ್ಲಿರುತ್ತವೆ. ವಿಮಾನದ ಟಿಕೆಟ್ ಕೊಳ್ಳುವ ಮುನ್ನವೇ ಆ ಪತ್ರವನ್ನು ತರಿಸಿ ಓದಿ. ಇಲ್ಲಿ ನಿಮ್ಮನ್ನು ಕರೆದೊಯ್ಯುವ ಏಜೆಂಟ್‌ಗೆ ಕಮಿಷನ್ ಎಷ್ಟು ಎಂದು ನೇರವಾಗಿ ಕೇಳಲು ಸಂಕೋಚ ಬೇಡ.

ಆರೋಗ್ಯ ವಿಮೆಯ ಪಾಲಿಸಿಯನ್ನೂ ತೆರೆದು ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ರಕ್ತಸಂಬಂಧಿ ಕಾಯಿಲೆಗೆ ಮಾಡುವ ಅಸ್ಥಿಮಜ್ಜೆ ಕಸಿ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿದೆ, ದೃಢಪಡದ ಚಿಕಿತ್ಸೆಗಳು ಹೊರಗಿಡುವ ಪಟ್ಟಿಯಲ್ಲಿವೆ. ಅವುಗಳಿಂದ ಹುಟ್ಟಿದ ತೊಡಕಿನ ಖರ್ಚಿಗೂ ವಿಮಾ ಕಂಪನಿ ತಕರಾರು ತೆಗೆಯಬಹುದು, ಆದ್ದರಿಂದ ಲಿಖಿತ ಉತ್ತರ ಪಡೆಯಿರಿ. ಹಣ ಕಳಿಸುವುದಕ್ಕೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿಯಿದೆ. ನಿಗದಿತ ಮೊತ್ತ ದಾಟಿದರೆ ಮೂಲದಲ್ಲೇ ತೆರಿಗೆ ಸಂಗ್ರಹವಾಗುತ್ತದೆ. ವೈದ್ಯಕೀಯ ಉದ್ದೇಶ ಎಂದು ನಮೂದಿಸಿ ಅಂದಾಜು ಪತ್ರ ಕೊಟ್ಟರೆ ಆ ದರ ಕಡಿಮೆ. ಕ್ಲಿನಿಕ್‌ನ ಹೆಸರಿನ ಖಾತೆಗಲ್ಲದೆ ಬೇರೆ ವ್ಯಕ್ತಿಯ ಖಾತೆಗೆ ಅಥವಾ ಕ್ರಿಪ್ಟೋ ಮೂಲಕ ಹಣ ಕೇಳಿದರೆ ವ್ಯವಹಾರ ಮುಗಿಯಿತೆಂದು ತಿಳಿಯಿರಿ.

ಹೊರಡುವ ಮುನ್ನ ಇಲ್ಲಿ ಮಾಡಿಕೊಳ್ಳಬೇಕಾದ ಏರ್ಪಾಟು

ಇಷ್ಟೆಲ್ಲ ಪರಿಶೀಲನೆಯ ನಂತರವೂ ಹೋಗುವುದೆಂದು ಕುಟುಂಬ ನಿರ್ಧರಿಸಿದರೆ, ಮೊದಲು ಇಲ್ಲಿನ ತಜ್ಞರಿಗೆ ಹೇಳಿ. ಬೈಯುತ್ತಾರೆಂದು ಮುಚ್ಚಿಟ್ಟು ಹೋಗುವವರು ಬಹಳ. ಮರಳಿದ ಹತ್ತನೆಯ ದಿನ ಜ್ವರ ಬಂದಾಗ ವೈದ್ಯರಿಗೆ ಮೂಲವೇ ತಿಳಿಯದೆ ಅಮೂಲ್ಯ ಸಮಯ ಹೋಗುತ್ತದೆ. ಕ್ಲಿನಿಕ್ ಕಳಿಸಿದ ಕಾಗದಗಳನ್ನು, ಕ್ಲಿನಿಕ್‌ಗೆ ಯಾವ ಸಂಬಂಧವೂ ಇಲ್ಲದ ಇನ್ನೊಬ್ಬ ತಜ್ಞರಿಗೆ ತೋರಿಸಿ ಎರಡನೆಯ ಅಭಿಪ್ರಾಯ ಪಡೆಯಿರಿ. ಇದರ ಶುಲ್ಕ ಕೆಲವೇ ಸಾವಿರ. ರೋಗಿಯ ಈಗಿನ ಸ್ಥಿತಿಯನ್ನು ಇಲ್ಲೇ ಅಳೆಸಿ ಇಟ್ಟುಕೊಳ್ಳಿ: ಎಂಆರ್‌ಐ, ನಡಿಗೆಯ ಅಂಕ, ಮಗುವಾದರೆ ಬೆಳವಣಿಗೆಯ ಪರೀಕ್ಷೆ. ಆರು ತಿಂಗಳ ನಂತರ ಅದೇ ಪರೀಕ್ಷೆಯನ್ನು, ಎಲ್ಲಿಗೆ ಹೋಗಿ ಬಂದಿರೆಂದು ತಿಳಿಯದ ಬೇರೆ ವೈದ್ಯರಿಂದ ಮಾಡಿಸಿದರೆ ಮಾತ್ರ ಸುಧಾರಣೆ ನಿಜವೋ ಮನಸ್ಸಿನ ಆಸೆಯೋ ಗೊತ್ತಾಗುತ್ತದೆ.

ಚಿಕಿತ್ಸೆ ನಡೆಯುವ ಕಟ್ಟಡದಲ್ಲೇ, ಇಲ್ಲವೇ ಹತ್ತು ನಿಮಿಷದ ದಾರಿಯಲ್ಲಿ ತೀವ್ರ ನಿಗಾ ಘಟಕವಿರುವ ಆಸ್ಪತ್ರೆ ಇದೆಯೇ ಎಂದು ನಕ್ಷೆಯಲ್ಲಿ ನೋಡಿ. ಬೆನ್ನುಹುರಿಯ ಮೂಲಕ ಚುಚ್ಚಿದ ಮರುದಿನವೇ ಮರಳುವ ವಿಮಾನ ಹಿಡಿಯಬೇಡಿ, ಕೆಲವು ದಿನ ಅಲ್ಲೇ ಉಳಿಯುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿ. ಅಲ್ಲಿಂದ ಹೊರಡುವಾಗ ಬ್ಯಾಚ್ ಸಂಖ್ಯೆಯಿರುವ ಪ್ರಮಾಣಪತ್ರ, ಕೊಟ್ಟ ಕೋಶಗಳ ಲೆಕ್ಕ, ಚುಚ್ಚಿದ ಜಾಗ, ಬಳಸಿದ ಔಷಧಗಳು, ವೈದ್ಯರ ಸಹಿಯಿರುವ ಡಿಸ್ಚಾರ್ಜ್ ಸಾರಾಂಶ ಇವನ್ನು ಇಂಗ್ಲಿಷಿನಲ್ಲೇ ಪಡೆದು ಪ್ರತಿಗಳನ್ನು ಎರಡು ಕಡೆ ಇಡಿ. ಜ್ವರ, ಚುಚ್ಚಿದ ಜಾಗದಲ್ಲಿ ಊತ ಅಥವಾ ಕೀವು, ಹೊಸ ತಲೆನೋವು, ಕೈಕಾಲಿನ ಬಲ ಕುಗ್ಗುವುದು, ದೃಷ್ಟಿ ಮಂಕಾಗುವುದು, ಉಸಿರಾಟದ ತೊಂದರೆ ಕಂಡರೆ ಕ್ಲಿನಿಕ್‌ನ ಉತ್ತರಕ್ಕೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಈ ಕಾಗದಗಳನ್ನು ಮುಂದಿಡಿ. ಸೋಂಕಿನ ಅನುಮಾನವಿದ್ದರೆ ಮೈಕೋಬ್ಯಾಕ್ಟೀರಿಯಾ ಕಲ್ಚರ್ ಕೂಡ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ, ಏಕೆಂದರೆ ಸಾಮಾನ್ಯ ಕಲ್ಚರ್‌ನಲ್ಲಿ ಅದು ತಪ್ಪಿಹೋಗುವ ಸಾಧ್ಯತೆ ಇದೆ.